ಎರಡು ತುಂಬಿದರೂ ಮಾತು ಬಾರದ ಕೂಸು: ಮೊದಲ ತಪಾಸಣೆಯಲ್ಲಿ ಏನೇನು ನೋಡುತ್ತೇವೆ

"ಎಲ್ಲಾ ಅರ್ಥ ಆಗ್ತತಿ ರೀ, ಮಾತು ಒಂದ ಬರಂಗಿಲ್ಲ." ದಾವಣಗೆರೆಯಲ್ಲಿ ವಾಕ್-ಶ್ರವಣ ತಪಾಸಣೆಗೆ ಕೂಸನ್ನು ಕರೆತರುವ ಮನೆಯವರು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳುವ ಮಾತಿದು. ಕಿವಿ ಚೆನ್ನಾಗಿ ಕೇಳುತ್ತದೆ, ಹೇಳಿದ್ದೆಲ್ಲ ತಿಳಿಯುತ್ತದೆ ಎಂಬ ಎರಡು ತೀರ್ಮಾನಗಳು ಇದರಲ್ಲಿ ಆಗಲೇ ಸೇರಿಕೊಂಡಿರುತ್ತವೆ. ಮೊದಲ ಭೇಟಿಯ ಒಂದು-ಒಂದೂವರೆ ಗಂಟೆಯಲ್ಲಿ ಬಹುಪಾಲು ಹೋಗುವುದು ಈ ಎರಡನ್ನೂ ಪರೀಕ್ಷಿಸಿ ನೋಡುವುದಕ್ಕೆ. ಮಗು ಎಷ್ಟು ಪದ ಆಡುತ್ತದೆ ಎಂಬ ಲೆಕ್ಕಕ್ಕೆ ಕೈ ಹಾಕುವುದು ಆಮೇಲೆ.

ಬರುವಾಗ ತಾಯಿ ಕಾರ್ಡ್, ಹೆರಿಗೆಯಾದ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಹಳೆಯ ಕಿವಿ ಪರೀಕ್ಷೆಯ ವರದಿ ಇದ್ದರೆ ಅದು, ಇಷ್ಟನ್ನು ತರಬೇಕು. ಮಗು ಮನೆಯಲ್ಲಿ ತನ್ನ ಪಾಡಿಗೆ ಆಡುತ್ತಿರುವಾಗ ತೆಗೆದ ಎರಡು-ಮೂರು ನಿಮಿಷದ ಮೊಬೈಲ್ ವಿಡಿಯೊ ಬಹಳ ಉಪಯೋಗಕ್ಕೆ ಬರುತ್ತದೆ. "ಹೇಳು ಪುಟ್ಟಾ, ಅಂಕಲ್‌ಗೆ ಹೇಳು" ಎಂದು ಒತ್ತಾಯಿಸಿ ತೆಗೆದ ವಿಡಿಯೊ ಬೇಡ. ಅದರಲ್ಲಿ ಮಗುವಿಗಿಂತ ದೊಡ್ಡವರ ದನಿಯೇ ಹೆಚ್ಚು. ಹಗಲೆಲ್ಲ ಮಗುವಿನ ಜೊತೆ ಇರುವವರು ಯಾರೋ ಅವರು ಜೊತೆಗೆ ಬರಬೇಕು. ಅನೇಕ ಮನೆಗಳಲ್ಲಿ ಅದು ಅಜ್ಜಿ. ಕೂಸು ನೀರನ್ನು ಹೇಗೆ ಕೇಳುತ್ತದೆ, ಹಟ ಹಿಡಿದಾಗ ಏನು ಮಾಡುತ್ತದೆ ಎಂಬುದಕ್ಕೆ ಅಪ್ಪನಿಗಿಂತ ಅವರ ಉತ್ತರ ನಿಖರವಾಗಿರುತ್ತದೆ.

ಪ್ರಶ್ನೆಗಳು ಹುಟ್ಟಿನಿಂದ ಶುರುವಾಗುತ್ತವೆ. ಹುಟ್ಟಿದ ಕೂಡಲೇ ಅತ್ತಿತೇ, ತೂಕ ಒಂದೂವರೆ ಕಿಲೊಗಿಂತ ಕಡಿಮೆ ಇತ್ತೇ, ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) 5 ದಿನಕ್ಕಿಂತ ಹೆಚ್ಚು ಇಟ್ಟಿದ್ದರೇ, ಕಾಮಾಲೆ ಏರಿ ರಕ್ತ ಬದಲಿಸುವ ಹಂತಕ್ಕೆ ಹೋಗಿತ್ತೇ, ಮಿದುಳು ಜ್ವರ ಬಂದಿತ್ತೇ. ಇವು ಒಂದೊಂದೂ ಕಿವಿಗೆ ಅಪಾಯ ತರಬಲ್ಲವು. ಆಮೇಲೆ ರಕ್ತಸಂಬಂಧದ ಮದುವೆಯ ಪ್ರಶ್ನೆ. ನಮ್ಮ ಕಡೆ ಸೋದರಮಾವನಿಗೆ, ಅತ್ತೆ ಮಗನಿಗೆ ಕೊಡುವುದು ಹಳೆಯ ರೂಢಿ. ಗಂಡ-ಹೆಂಡತಿ ಇಬ್ಬರಿಗೂ ಚೆನ್ನಾಗಿ ಕೇಳುತ್ತಿದ್ದು, ಇಬ್ಬರಲ್ಲೂ ಕಿವುಡಿಗೆ ಕಾರಣವಾಗುವ ಒಂದೇ ಜೀನ್ ಮರೆಯಾಗಿ ಇರಬಹುದು. ಇಬ್ಬರೂ ಒಂದೇ ಬಳ್ಳಿಯವರಾದರೆ ಆ ಸಾಧ್ಯತೆ ಹೆಚ್ಚು. ಈ ಪ್ರಶ್ನೆ ಬಂದಾಗ ಮನೆಯವರ ಮುಖ ಸಣ್ಣದಾಗುತ್ತದೆ. ಯಾರ ಮೇಲೂ ತಪ್ಪು ಹೊರಿಸಲು ಕೇಳುವುದಲ್ಲ; ಯಾವ ಪರೀಕ್ಷೆಯನ್ನು ಬಿಡಬಾರದು ಎಂದು ತಿಳಿಯಲು ಕೇಳುತ್ತೇವೆ.

ಇಷ್ಟಾದ ಮೇಲೆ ಕಿವಿ. ಇಲ್ಲಿ ನಾವು ರಾಜಿ ಆಗುವುದಿಲ್ಲ. "ತಟ್ಟೆ ಬಿದ್ರೆ ತಿರುಗಿ ನೋಡ್ತಾನ್ರೀ" ಎನ್ನುವುದು ಸಾಕ್ಷಿಯಾಗದು. ಒಂದು ಮೀಟರ್ ದೂರದಲ್ಲಿ ಕೂತು ಆಡುವ ಮಾತು ಸುಮಾರು 60 ಡೆಸಿಬಲ್. ಸ್ಟೀಲ್ ತಟ್ಟೆ ಬಿದ್ದ ಸದ್ದು, ಕುಕ್ಕರ್ ಸೀಟಿ ಅದಕ್ಕಿಂತ ಬಹಳ ಜೋರು. ಬಾಗಿಲು ಬಡಿದರೆ ನೆಲ ಅದುರುತ್ತದೆ, ಚಪ್ಪಾಳೆ ತಟ್ಟಿದರೆ ಗಾಳಿ ಸುಳಿಯುತ್ತದೆ, ಕೈ ಕಣ್ಣಂಚಿಗೆ ಕಾಣುತ್ತದೆ. ಮಧ್ಯಮ ಪ್ರಮಾಣದ ಶ್ರವಣದೋಷ ಇರುವ ಮಗು ಇವಕ್ಕೆಲ್ಲ ತಿರುಗುತ್ತದೆ. ಆದರೆ ಸ, ಶ, ಚ, ತ, ಕ ಮುಂತಾದ ಮೆಲುದನಿಯ ವ್ಯಂಜನಗಳು ಅದಕ್ಕೆ ಮುಟ್ಟುವುದಿಲ್ಲ. ಮಾತಿನ ಸ್ವರವಷ್ಟೇ ಕೇಳಿ ವ್ಯಂಜನ ಕೇಳದಿದ್ದರೆ ಹಾಲು, ಸಾಲು, ಕಾಲು ಮೂರೂ ಒಂದೇ.

ಮೊದಲು ಕಿವಿಯೊಳಗೆ ಬೆಳಕು ಬಿಟ್ಟು ನೋಡುತ್ತಾರೆ. ಗುಗ್ಗೆ ಗಟ್ಟಿಯಾಗಿ ಕೂತಿದ್ದರೆ ಇಎನ್‌ಟಿ ವೈದ್ಯರು ತೆಗೆದ ಮೇಲೆಯೇ ಮುಂದಿನದು. ನಂತರ ಟಿಂಪನೊಮೆಟ್ರಿ: ಮೆತ್ತನೆಯ ರಬ್ಬರ್ ತುದಿಯನ್ನು ಕಿವಿಗೆ ಇಟ್ಟು ಗಾಳಿಯ ಒತ್ತಡ ಏರಿಳಿಸುತ್ತಾರೆ, ಕಿವಿಗೆ ಒಂದು ನಿಮಿಷ ಸಾಕು. ಗೆರೆ ಶಿಖರವಿಲ್ಲದೆ ಚಪ್ಪಟೆ ಬಂದರೆ ಕಿವಿತಮಟೆಯ ಹಿಂದೆ ದ್ರವ ನಿಂತಿರುವ ಸಾಧ್ಯತೆ ಹೆಚ್ಚು. ನೆಗಡಿ ಮೇಲಿಂದ ಮೇಲೆ ಬರುವ, ಬಾಯಿ ತೆರೆದು ಮಲಗುವ, ಗೊರಕೆ ಹೊಡೆಯುವ ಮಕ್ಕಳಲ್ಲಿ ಇದು ಮಾಮೂಲು. ನೋವಿರುವುದಿಲ್ಲ, ಕಿವಿ ಸೋರುವುದಿಲ್ಲ, ಹಾಗಾಗಿ ಮನೆಯಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ. ಹೆಚ್ಚಿನ ಮಕ್ಕಳಲ್ಲಿ ಮೂರು ತಿಂಗಳೊಳಗೆ ತಾನೇ ಇಳಿಯುತ್ತದೆ. ಇಳಿಯದೆ, ಕೇಳುವುದೂ ಕಡಿಮೆಯಾಗಿ, ಮಾತೂ ಹಿಂದಿದ್ದರೆ ಕಿವಿತಮಟೆಗೆ ಸಣ್ಣ ಕೊಳವೆ ಹಾಕುವ ಬಗ್ಗೆ ಇಎನ್‌ಟಿ ವೈದ್ಯರು ಯೋಚಿಸುತ್ತಾರೆ.

ಓಎಇ ಮತ್ತು ಬೇರಾ ಎಂಬ ಎರಡು ಪರೀಕ್ಷೆಗಳ ಹೆಸರು ಇಲ್ಲಿ ಕಿವಿಗೆ ಬೀಳುತ್ತದೆ. ಓಎಇ ಒಳಗಿವಿಯ ಹೊರ ಕೂದಲುಕೋಶಗಳ ಪ್ರತಿಕ್ರಿಯೆಯನ್ನು ಅಳೆಯುತ್ತದೆ. ಮಗು ಸುಮ್ಮನಿದ್ದರೆ ಕೆಲವೇ ನಿಮಿಷ. ಆದರೆ ಶಬ್ದ ನರದ ಮೂಲಕ ಮಿದುಳಿಗೆ ಹೋಯಿತೋ ಇಲ್ಲವೋ ಎಂದು ಅದು ಹೇಳದು. ತೀವ್ರ ಕಾಮಾಲೆ ಆಗಿದ್ದ ಅಥವಾ ಬಹಳ ದಿನ ಎನ್‌ಐಸಿಯುನಲ್ಲಿದ್ದ ಕೂಸಿಗೆ ಓಎಇ "ಪಾಸ್" ಬಂದರೂ ನರದಲ್ಲಿ ತೊಂದರೆ ಉಳಿದಿರಬಹುದು. ಅಂಥವರಿಗೆ, ಶಬ್ದಕ್ಕೆ ಕಿವಿಯ ನರ ಮತ್ತು ಮಿದುಳುಕಾಂಡ ಕೊಡುವ ವಿದ್ಯುತ್ ತರಂಗವನ್ನು ಅಳೆಯುವ ಬೇರಾ ಬೇಕೇಬೇಕು. ಹುಟ್ಟಿದಾಗ ಮಾಡಿದ ಓಎಇ ಚೀಟಿಯನ್ನು ಎರಡು ವರ್ಷದ ನಂತರ ತೋರಿಸಿ "ಕಿವಿ ಆವಾಗ್ಲೇ ನೋಡಿದಾರೆ" ಎಂದರೂ ನಾವು ಮತ್ತೆ ಮಾಡಿಸುತ್ತೇವೆ. ಕೆಲವು ಶ್ರವಣದೋಷಗಳು ಹುಟ್ಟಿದ ಮೇಲೆ ನಿಧಾನವಾಗಿ ಶುರುವಾಗುತ್ತವೆ.

ಬೇರಾ ಪರೀಕ್ಷೆ ಕೆಡುವುದು ಹೆಚ್ಚಾಗಿ ಎರಡೇ ಕಾರಣಕ್ಕೆ: ನಿದ್ದೆ ಮತ್ತು ಎಣ್ಣೆ. ಮಗು ಅಲುಗಾಡದೆ ಸುಮಾರು ಒಂದು ಗಂಟೆ ಮಲಗಬೇಕು. ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಗ್ಗೆ ಬೇಗ ಎಬ್ಬಿಸಿ ಎಂದು ಹೇಳಿ ಕಳಿಸುತ್ತೇವೆ. ಮನೆಯವರು ಹಾಗೆಯೇ ಮಾಡುತ್ತಾರೆ. ಆದರೆ ಜಗಳೂರಿನಿಂದಲೋ ಹೊನ್ನಾಳಿಯಿಂದಲೋ ಬಸ್ಸು ಹತ್ತಿದ ಕೂಸು ಕಿಟಕಿ ಗಾಳಿಗೆ ಅಲ್ಲೇ ಗಾಢವಾಗಿ ನಿದ್ದೆ ಮಾಡಿ, ಪರೀಕ್ಷೆಯ ಕೋಣೆಗೆ ಬರುವ ಹೊತ್ತಿಗೆ ಚುರುಕಾಗಿ ಎದ್ದು ಕೂತಿರುತ್ತದೆ. ಬಸ್ಸಿನಲ್ಲಿ ಹೇಗಾದರೂ ಮಾಡಿ ಎಚ್ಚರವಾಗಿಡಲು ಇಬ್ಬರು ಬರಬೇಕು, ಒಬ್ಬರಿಗೆ ಆಗದ ಕೆಲಸ. ತಲೆಗೆ ಹರಳೆಣ್ಣೆ, ಕೊಬ್ಬರಿ ಎಣ್ಣೆ ಹಚ್ಚಿ ಬಾಚಿ, ಹಣೆಗೆ ಪೌಡರ್ ಹಾಕಿ ತಂದರೆ ಹಣೆಗೂ ಕಿವಿಯ ಹಿಂದಕ್ಕೂ ಅಂಟಿಸುವ ಎಲೆಕ್ಟ್ರೋಡ್ ಹಿಡಿಯುವುದಿಲ್ಲ, ತರಂಗದಲ್ಲಿ ಗದ್ದಲ ತುಂಬುತ್ತದೆ. ಹಿಂದಿನ ದಿನ ತಲೆ ತೊಳೆದು, ಎಣ್ಣೆ ಇಲ್ಲದೆ ಕರೆತನ್ನಿ. ನಿದ್ದೆ ಬಾರದಿದ್ದರೆ ಕೊಡುವ ಸಿರಪ್ಪನ್ನು ಮಗುವಿನ ತೂಕ ನೋಡಿ ವೈದ್ಯರೇ ಕೊಡಬೇಕು. ಮೆಡಿಕಲ್ ಶಾಪಿನಿಂದ ತಂದು ಮನೆಯಲ್ಲೇ ಕುಡಿಸಿಕೊಂಡು ಬರಲೇಬಾರದು. ಜ್ವರ, ಕೆಮ್ಮು, ಕಫ ಇದ್ದರೆ ದಿನವನ್ನೇ ಮುಂದಕ್ಕೆ ಹಾಕಿಸಿ.

ಶ್ರವಣದೋಷ ಸಿಕ್ಕಿದರೆ ದಾರಿ ಬೇರೆಯಾಗುತ್ತದೆ, ಅವಸರವೂ ಬೇರೆ. ಹುಟ್ಟಿದ 1 ತಿಂಗಳೊಳಗೆ ಪ್ರಾಥಮಿಕ ತಪಾಸಣೆ, 3 ತಿಂಗಳೊಳಗೆ ಖಚಿತ ಪರೀಕ್ಷೆ, 6 ತಿಂಗಳೊಳಗೆ ಚಿಕಿತ್ಸೆ ಎಂಬುದು ಜಗತ್ತಿನಾದ್ಯಂತ ಒಪ್ಪಿದ ಗುರಿ. ಎರಡು ವರ್ಷಕ್ಕೆ ಗೊತ್ತಾದ ಮಗು ಆಗಲೇ ಬಹಳ ಕಳೆದುಕೊಂಡಿರುತ್ತದೆ. ಶ್ರವಣಯಂತ್ರವನ್ನು ಎಚ್ಚರವಿರುವಷ್ಟು ಹೊತ್ತೂ ಹಾಕಿರಬೇಕು. ಕಿವಿ ಬೆಳೆದ ಹಾಗೆ, ಯಂತ್ರವನ್ನು ಕಿವಿಯೊಳಗೆ ಕೂರಿಸುವ ಅಚ್ಚು ಸಡಿಲವಾಗಿ ಯಂತ್ರ ಕೀಚಲು ಸದ್ದು ಮಾಡುತ್ತದೆ. ಅದು ಯಂತ್ರ ಕೆಟ್ಟ ಸದ್ದು ಎಂದುಕೊಂಡು ತೆಗೆದಿಡುವವರೇ ಜಾಸ್ತಿ. ಹೊಸ ಅಚ್ಚು ಮಾಡಿಸಿದರೆ ನಿಲ್ಲುತ್ತದೆ. ಆ ಮಗುವಿನ ಮಾತಿನ ವಯಸ್ಸನ್ನು ಹುಟ್ಟಿದ ದಿನದಿಂದ ಎಣಿಸದೆ, ಚೆನ್ನಾಗಿ ಕೇಳಲು ಶುರುವಾದ ದಿನದಿಂದ ಎಣಿಸಿ.

ಕಿವಿ ಸರಿ ಇದೆ ಎಂದಾದ ಮೇಲೆ ಚಾಪೆಯ ಮೇಲೆ ಕೂರುತ್ತೇವೆ. ಚೆಂಡು, ಲೋಟ, ಬಾಚಣಿಗೆ, ಗೊಂಬೆ, ಆಟದ ಬಸ್ಸು, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಮಂಡಕ್ಕಿ. ಈಗ "ಎಲ್ಲಾ ಅರ್ಥ ಆಗ್ತತಿ" ಎಂಬ ಮಾತಿನ ಪರೀಕ್ಷೆ. ಅಜ್ಜಿ ಮನೆಯಲ್ಲಿ "ಚಪ್ಪಲಿ ತಗಂಬಾ" ಎನ್ನುವಾಗ ಚಪ್ಪಲಿಯ ಕಡೆ ನೋಡುತ್ತಾರೆ, ಕೈ ತೋರಿಸುತ್ತಾರೆ, ಸೀರೆ ಸೆರಗು ಸರಿಮಾಡಿಕೊಂಡು ಹೊರಡಲು ಎದ್ದಿರುತ್ತಾರೆ. ಮಗು ಚಪ್ಪಲಿ ತರುತ್ತದೆ. ಮಾತು ತಿಳಿದು ತಂದಿತೋ, ಕೈ-ಕಣ್ಣು-ಸಂದರ್ಭ ಓದಿ ತಂದಿತೋ? ನಾವು ಕೈಯನ್ನು ಮಡಿಲಲ್ಲಿಟ್ಟು, ಮಗುವಿನ ಮುಖವನ್ನೇ ನೋಡುತ್ತಾ, ಬೇರೆ ಆಟದ ನಡುವೆ "ಬಾಚಣಿಗೆ ಕೊಡು" ಎನ್ನುತ್ತೇವೆ. ಹದಿನೆಂಟು ತಿಂಗಳ ಮಗು ದಿನಬಳಕೆಯ ಇಂಥ ಒಂದೊಂದು ವಸ್ತುವನ್ನು ಸನ್ನೆಯಿಲ್ಲದೆಯೂ ಕೊಡುತ್ತದೆ. ಎರಡು ದಾಟಿದ ಮೇಲೆ "ಗೊಂಬೆಗೆ ಲೋಟ ಕೊಡು" ಎಂದರೆ ಎರಡನ್ನೂ ಜೋಡಿಸುತ್ತದೆ. ಮೂರರ ಹತ್ತಿರ "ಲೋಟದ ಒಳಗೆ", "ಚಾಪೆ ಕೆಳಗೆ" ತಿಳಿಯುತ್ತದೆ. ಕೈ ಕಟ್ಟಿಹಾಕಿದ ಈ ಪರೀಕ್ಷೆಯಲ್ಲಿ ಮಗು ಸುಮ್ಮನೆ ನಮ್ಮ ಮುಖ ನೋಡುತ್ತ ನಿಂತುಬಿಟ್ಟರೆ ಮನೆಯವರಿಗೆ ಆಘಾತವಾಗುತ್ತದೆ. ಆದರೂ ಇದು ಗೊತ್ತಾಗಲೇಬೇಕು. ತಿಳಿವಳಿಕೆ ವಯಸ್ಸಿಗೆ ತಕ್ಕಂತಿದ್ದು ಮಾತಷ್ಟೇ ತಡವಾದ ಮಗುವಿನ ಮುಂದಿನ ದಾರಿ ಸಾಮಾನ್ಯವಾಗಿ ಸಲೀಸು. ಎರಡೂ ಹಿಂದಿದ್ದರೆ ಕಾಯುವಂತಿಲ್ಲ.

ಮಂಡಕ್ಕಿ ಡಬ್ಬಿಯನ್ನು ಮಗುವಿನ ಕೈಗೆ ಕೊಟ್ಟು ಸುಮ್ಮನಿರುತ್ತೇವೆ. ಮುಚ್ಚಳ ತೆಗೆಯಲು ಬಾರದಾಗ ಏನು ಮಾಡುತ್ತದೆ? ಒಂದು ಮಗು ಡಬ್ಬಿಯನ್ನು ನಮಗೆ ಚಾಚಿ, ಕಣ್ಣಿಗೆ ಕಣ್ಣು ಕೊಟ್ಟು "ಊಂ" ಎನ್ನುತ್ತದೆ. ಇನ್ನೊಂದು ನಮ್ಮ ಮುಖ ನೋಡದೆ ಕೈಯನ್ನಷ್ಟೇ ಹಿಡಿದೆಳೆದು ಡಬ್ಬಿಯ ಮೇಲೆ ಇಡುತ್ತದೆ. ಇಬ್ಬರಿಗೂ ಮಾತಿಲ್ಲ, ಆದರೆ ಇಬ್ಬರ ಸ್ಥಿತಿ ಬೇರೆ ಬೇರೆ. ಒಂದು ವರ್ಷದ ಆಸುಪಾಸಿನಲ್ಲಿ ಬೆರಳು ತೋರಿಸುವುದು ಶುರುವಾಗುತ್ತದೆ: ಮೊದಲು ಬೇಕಾದದ್ದಕ್ಕೆ, ಆಮೇಲೆ "ನೋಡಲ್ಲಿ, ನಾಯಿ" ಎಂದು ಹಂಚಿಕೊಳ್ಳಲು. ಈ ಎರಡನೆಯ ಬೆರಳು ಹದಿನೆಂಟು ತಿಂಗಳಾದರೂ ಬಂದಿಲ್ಲ, ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಗೊಂಬೆಗೆ ಉಣಿಸುವಂಥ ನಟನೆಯ ಆಟವಿಲ್ಲ ಎಂದಾದರೆ 16ರಿಂದ 30 ತಿಂಗಳ ಮಕ್ಕಳಿಗಿರುವ ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿಯನ್ನು ತುಂಬಿಸುತ್ತೇವೆ. ಅದು ಆಟಿಸಂ ಇದೆ ಎಂಬ ತೀರ್ಪಲ್ಲ. ಮಕ್ಕಳ ತಜ್ಞರು, ಮನಶ್ಶಾಸ್ತ್ರಜ್ಞರು ವಿವರವಾಗಿ ನೋಡಬೇಕೋ ಎಂದು ತಿಳಿಯುವ ಜರಡಿ ಅಷ್ಟೆ.

ಇಷ್ಟರ ಮೇಲೆ ಪದಗಳ ಲೆಕ್ಕ. ಎರಡು-ಮೂರು ತಿಂಗಳಿಗೆ ಕೂಸು "ಅಂಗೂ" ಎನ್ನುತ್ತದೆ. ಕಿವಿ ಕೇಳದ ಕೂಸೂ ಹಾಗೆ ಅನ್ನುತ್ತದೆ, ಅದರಿಂದ ಧೈರ್ಯ ತಂದುಕೊಳ್ಳುವಂತಿಲ್ಲ. ಏಳರಿಂದ ಹತ್ತು ತಿಂಗಳ ನಡುವೆ ಬರುವ "ಬಬಬ, ತತತ, ಮಮಮ" ಬೇರೆ: ಅದು ಬರಲು ಕಿವಿ ಬೇಕು. ಹತ್ತು ತಿಂಗಳಾದರೂ ಆ ತೊದಲು ಇಲ್ಲವೆಂದರೆ ಅಲ್ಲಿಂದಲೇ ಕಿವಿ ಪರೀಕ್ಷೆಗೆ ಹೋಗಬೇಕು. ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾ ಸೂಜಿ ಇರುತ್ತದೆ. ಆವತ್ತು ಸಿಗುವ ನರ್ಸಮ್ಮನಿಗೋ ಆಶಾ ಕಾರ್ಯಕರ್ತೆಗೋ ಈ ಒಂದು ಪ್ರಶ್ನೆ ಕೇಳಿದರೆ ಎಷ್ಟೋ ಮಕ್ಕಳ ಒಂದೂವರೆ ವರ್ಷ ಉಳಿಯುತ್ತದೆ.

ಮೊದಲ ಪದ ಒಂದು ವರ್ಷದ ಆಚೀಚೆ. ಯಾವುದನ್ನು ಪದವೆಂದು ಎಣಿಸಬೇಕು ಎಂಬುದರಲ್ಲಿ ಮನೆಯವರಿಗೂ ನಮಗೂ ಲೆಕ್ಕ ತಪ್ಪುತ್ತದೆ. ಅಳುವಾಗ ಬಾಯಿಂದ ಹೊರಡುವ "ಅಮ್ಮಾ" ಲೆಕ್ಕಕ್ಕಿಲ್ಲ. ಅಮ್ಮನನ್ನು ನೋಡಿ, ಅಮ್ಮನಿಗೇ ಹೇಳಿದರೆ ಉಂಟು. ನೀರಿಗೆ ಪ್ರತಿಸಲವೂ "ಬೂ" ಎಂದರೆ ಅದು ಪದವೇ. ಬುವ್ವ, ತಾಚಿ, ಟಾಟಾ, ಬೌಬೌ ಎಲ್ಲವೂ ಪದಗಳೇ. ಕನ್ನಡದ ಕೂಸುಗಳಿಗೆ ಅಪ್ಪ, ಅಕ್ಕ, ಅಜ್ಜಿ ಎಂಬ ಒತ್ತಕ್ಷರದ ಪದಗಳು ಬೇಗ ಒದಗುತ್ತವೆ. ಎರಡು ತುಂಬುವಾಗ ಸುಮಾರು 50 ಪದ, ಎರಡೆರಡನ್ನು ಕೂಡಿಸುವ "ಅಪ್ಪ ಬಾ", "ಹಾಲು ಬೇಡ", "ಬಸ್ಸು ಹೋತು" ಇರಬೇಕು. ಬೇರೆ ಬೇರೆ ಪಟ್ಟಿಯಲ್ಲಿ ಬೇರೆ ಬೇರೆ ವಯಸ್ಸು ಕಂಡು ಗಾಬರಿಯಾಗುವವರಿದ್ದಾರೆ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2022ರಲ್ಲಿ ತಿದ್ದಿದ ಪಟ್ಟಿ 50 ಪದವನ್ನು 30 ತಿಂಗಳಿಗೆ ಇಟ್ಟಿದೆ; ಮುಕ್ಕಾಲು ಪಾಲು ಮಕ್ಕಳು ತಲುಪುವ ವಯಸ್ಸನ್ನು ಅದು ಬರೆಯುತ್ತದೆ, ಅದಕ್ಕೂ ತಪ್ಪಿದರೆ ತಡಮಾಡಬೇಡಿ ಎಂಬ ಅರ್ಥದಲ್ಲಿ. ಎರಡು ಪದ ಕೂಡಿಸುವುದನ್ನು ಆ ಪಟ್ಟಿಯೂ ಎರಡು ವರ್ಷಕ್ಕೇ ಇಟ್ಟಿದೆ.

ಮನೆಯಲ್ಲಿ ಲಂಬಾಣಿ, ಉರ್ದು, ಮೊಳಕಾಲ್ಮುರು-ಚಳ್ಳಕೆರೆ ಕಡೆಯಾದರೆ ತೆಲುಗು ಇದ್ದರೆ ಎರಡೂ ನುಡಿಯ ಪದಗಳನ್ನು ಕೂಡಿಸಿ ಎಣಿಸಬೇಕು. ಎರಡು ಭಾಷೆ ಕೇಳಿದ್ದರಿಂದ ಮಾತು ತಡವಾಗುವುದಿಲ್ಲ. ಅಜ್ಜಿಗೆ ಬರುವ ಭಾಷೆಯನ್ನೇ ಬಿಡಿಸಿಬಿಟ್ಟರೆ ಮಗುವಿನ ಜೊತೆ ಅತಿ ಹೆಚ್ಚು ಹೊತ್ತು ಇರುವವರೇ ಮೂಕರಾಗುತ್ತಾರೆ. ನಮ್ಮನ್ನು ನಿಜವಾಗಿ ಕಳವಳಕ್ಕೆ ಈಡುಮಾಡುವುದು ಇನ್ನೊಂದು: ಎಬಿಸಿಡಿ ಪೂರ್ತಿ ಹೇಳುವ, ಇಪ್ಪತ್ತರವರೆಗೆ ಇಂಗ್ಲಿಷಿನಲ್ಲಿ ಎಣಿಸುವ, ಬಣ್ಣಗಳ ಹೆಸರು ಪಟಪಟ ಒಪ್ಪಿಸುವ ಎರಡೂವರೆ ವರ್ಷದ ಮಗು ಬಾಯಾರಿದಾಗ ನೀರು ಕೇಳುವುದಿಲ್ಲ. ಮೊಬೈಲಿನಿಂದ ಕಲಿತದ್ದು ಮೊಬೈಲಿಗಷ್ಟೇ ಉಳಿದಿರುತ್ತದೆ. ಎರಡು ವರ್ಷದೊಳಗೆ ಪರದೆ ಬೇಡ, 2ರಿಂದ 4 ವರ್ಷಕ್ಕೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಹಾಗೆಂದು ಮೊಬೈಲ್ ನೋಡಿಯೇ ಆಟಿಸಂ ಬಂತು ಎಂದು ತಾಯಿಯನ್ನು ಹಂಗಿಸುವುದು ತಪ್ಪು, ಅದಕ್ಕೆ ಆಧಾರವಿಲ್ಲ.

ಉಚ್ಚಾರದ ಬಗ್ಗೆ ಎರಡು ಮಾತು ಸಾಕು. ಪ, ಬ, ಮ, ತ, ನ ಮೊದಲು. ಕ, ಗ ಮೂರರ ಸುಮಾರಿಗೆ. ರ, ಳ, ಸ, ಶ, ಬೇರೆ ಬೇರೆ ವ್ಯಂಜನ ಕೂಡಿದ ಒತ್ತಕ್ಷರಗಳು ಇನ್ನೂ ತಡ. ಎರಡೂವರೆಗೆ ಅಕ್ಕಿಯನ್ನು "ಅತ್ತಿ" ಎಂದರೆ, ಮೂರೂವರೆಗೆ ರೊಟ್ಟಿಯನ್ನು "ಲೊಟ್ಟಿ" ಎಂದರೆ ತಿದ್ದುವುದು ಬೇಡ. ಮನೆಯವರೇ ಖ, ಘ, ಭ ಅನ್ನದಿದ್ದರೆ ಮಗು ಅನ್ನದಿರುವುದು ದೋಷವೇ ಅಲ್ಲ. "ಮಾಡಿದೆ" ಇದ್ದ ಹಾಗೆ "ಕೊಡಿದೆ" ಎಂದರೆ ನಾವು ಖುಷಿಪಡುತ್ತೇವೆ, ಮಗು ವ್ಯಾಕರಣವನ್ನು ತಾನೇ ಕಟ್ಟುತ್ತಿದೆ. ಮೂರು ವರ್ಷದ ಮಗುವಿನ ಮಾತಿನಲ್ಲಿ ಮುಕ್ಕಾಲು ಪಾಲು, ನಾಲ್ಕರಲ್ಲಿ ಹೆಚ್ಚುಕಡಿಮೆ ಎಲ್ಲವೂ ಹೊರಗಿನವರಿಗೆ ತಿಳಿಯಬೇಕು. ಮಾತೇ ಬಾರದಿರುವುದಕ್ಕೆ ನಾಲಿಗೆ ಕೆಳಗಿನ ದಾರ ಕಾರಣವಲ್ಲ; ಅದನ್ನು ಕತ್ತರಿಸಿದರೆ ಪದ ಬರುವುದಿಲ್ಲ. ಬಜೆ ತೇಯ್ದು ನೆಕ್ಕಿಸಿದರೂ ಅಷ್ಟೆ. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ಮಾತ್ರ ಖಂಡಿತ ಬೇಡ, ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದಿಂದ ಪ್ರಾಣಾಪಾಯದ ಕಾಯಿಲೆ ಬರಬಲ್ಲದು.

ತಿಳಿವಳಿಕೆ, ಬೆರಳು, ಆಟ ಎಲ್ಲ ಸರಿಯಿದ್ದು ಪದ ಕಡಿಮೆ ಇರುವ ಮಗುವಿಗೆ ಮನೆಪಾಠ ಕೊಟ್ಟು ಮೂರು ತಿಂಗಳಿಗೆ ಮತ್ತೆ ಕರೆಯುತ್ತೇವೆ. ದಿನಕ್ಕೆ ಮೂರು ಹೊತ್ತು, ಹದಿನೈದು ನಿಮಿಷ. ಎಂಟೋ ಹತ್ತೋ ಪದ ಆರಿಸಿ, ಅದರಲ್ಲಿ ಹಣ್ಣು-ಪ್ರಾಣಿಗಳ ಹೆಸರಿಗಿಂತ ಕೆಲಸಕ್ಕೆ ಬರುವವು ಹೆಚ್ಚಿರಲಿ: ಬಾ, ಕೊಡು, ಹಾಕು, ತೆಗಿ, ಬೇಡ, ಹೋತು, ನೀರು, ಬುವ್ವ. ಮಂಡಕ್ಕಿಯನ್ನು ಬಟ್ಟಲು ತುಂಬ ಕೊಡದೆ ಎರಡೆರಡು ಕಾಳು ಕೊಡಿ. ಮುಗಿದಾಗ ಡಬ್ಬಿ ಹಿಡಿದು "ಕೊಡು" ಎಂದು ಒಂದೇ ಸಲ ಹೇಳಿ, ಮನಸ್ಸಿನಲ್ಲಿ ಹತ್ತು ಎಣಿಸುವವರೆಗೆ ಮಗುವಿನ ಮುಖ ನೋಡುತ್ತ ಕಾಯಿರಿ. ದನಿ, ಸನ್ನೆ, ಅರ್ಧ ಪದ ಏನೇ ಬಂದರೂ ಕೂಡಲೇ ಕೊಟ್ಟುಬಿಡಿ. ಹೇಳದಿದ್ದರೆ ಕೊಡುವುದೇ ಇಲ್ಲ ಎಂದು ಸತಾಯಿಸಿದರೆ ಮಗು ರಚ್ಚೆ ಹಿಡಿಯುತ್ತದೆ, ಮಾತೆಂದರೆ ಜಗಳವಾಗುತ್ತದೆ. ಮಗು "ಬಸ್ಸು" ಎಂದರೆ ನೀವು "ಬಸ್ಸು ಬಂತು" ಎನ್ನಿ, ಒಂದೇ ಪದ ಹೆಚ್ಚಿಗೆ. "ಇದೇನು? ಇದ್ಯಾವ ಬಣ್ಣ?" ಎಂಬ ಪ್ರಶ್ನೆಗಳನ್ನು ಅರ್ಧಕ್ಕಿಳಿಸಿ.

ಈ ಪಾಠ ಕೆಡುವುದು ಪ್ರೀತಿಯಿಂದ. ತುಂಬಿದ ಮನೆಯಲ್ಲಿ ಮಗು ಕತ್ತೆತ್ತುವ ಮೊದಲೇ ದೊಡ್ಡಮ್ಮ ನೀರು ತರುತ್ತಾರೆ, ತಾತ ಎತ್ತಿಕೊಳ್ಳುತ್ತಾರೆ, ಅಕ್ಕ ತಮ್ಮನ ಪರವಾಗಿ ತಾನೇ ಉತ್ತರ ಹೇಳುತ್ತಾಳೆ. ಕೇಳುವ ಪ್ರಸಂಗವೇ ಬಾರದ ಮೇಲೆ ಕೇಳುವುದೇಕೆ? ಆ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರುವುದನ್ನು ಮನೆಯವರೆಲ್ಲರಿಗೂ ಹೇಳಿಕೊಡಬೇಕು, ಅಜ್ಜಿಯಿಂದಲೇ ಶುರು ಮಾಡಿ.

ತಿಳಿವಳಿಕೆಯೂ ಹಿಂದಿರುವ ಮಕ್ಕಳಿಗೆ ವಾರಕ್ಕೆ ಎರಡು-ಮೂರು ಸಲ ಥೆರಪಿ ಬೇಕು. ದುಡ್ಡಿಲ್ಲವೆಂದು ಕೈಬಿಡಬೇಕಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಆ ದಿನ ಯಾವುದೆಂದು ಟೀಚರಿಗೆ ಕೇಳಿಟ್ಟುಕೊಳ್ಳಿ, ಅವರು ಬರೆದ ಚೀಟಿ ಹಿಡಿದು ಜಿಲ್ಲಾ ಮಟ್ಟದ ಡಿಇಐಸಿಗೆ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಗಳಿಗೆ ಬೇಗನೆ ನೆರವು ಕೊಡುವ ಕೇಂದ್ರಕ್ಕೆ, ಹೋಗಬಹುದು. ದಾವಣಗೆರೆಯಲ್ಲೇ ಅಂಗವಿಕಲರ ಸಂಯುಕ್ತ ಪ್ರಾದೇಶಿಕ ಕೇಂದ್ರ, ಅಂದರೆ ಸಿಆರ್‌ಸಿ ಇದೆ. ತೊಡಕಿನ ಪ್ರಕರಣಗಳಿಗೆ ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಬರೆದುಕೊಡುತ್ತೇವೆ. ಇವೆಲ್ಲಕ್ಕಿಂತ ಅವಸರದ ಸ್ಥಿತಿ ಒಂದಿದೆ: ಆಡುತ್ತಿದ್ದ ಪದಗಳನ್ನು, ಕೊಡುತ್ತಿದ್ದ ಟಾಟಾವನ್ನು ಮಗು ಬಿಟ್ಟುಬಿಟ್ಟರೆ ಆ ವಾರವೇ ಮಕ್ಕಳ ತಜ್ಞರಿಗೆ ತೋರಿಸಬೇಕು.

ಮೂರು ತಿಂಗಳ ನಂತರದ ಭೇಟಿಗೆ ಒಂದು ನೋಟ್‌ಬುಕ್ ತನ್ನಿ. ಹೊಸ ಪದ ಬಂದ ತಾರೀಖು, ಮಗು ಹೇಳಿದ ಹಾಗೆಯೇ ಬರೆದ ಪದ, ಯಾರಿಗೆ ಯಾವಾಗ ಹೇಳಿತು, ಇಷ್ಟು ಸಾಕು. ಪದಗಳು ಏರುತ್ತಿದ್ದು ಎರಡೆರಡು ಕೂಡುತ್ತಿದ್ದರೆ ಮನೆಪಾಠವನ್ನೇ ಮುಂದುವರಿಸುತ್ತೇವೆ. ಏನೂ ಕದಲದಿದ್ದರೆ ಥೆರಪಿಗೆ ಹೆಸರು ಬರೆಸುವ ಜೊತೆಗೆ ಟಿಂಪನೊಮೆಟ್ರಿಯನ್ನು ಇನ್ನೊಮ್ಮೆ ಮಾಡಿಸುತ್ತೇವೆ. ಬೇಸಿಗೆಯಲ್ಲಿ ಸರಿಯಿದ್ದ ಕಿವಿಯಲ್ಲಿ ಮಳೆಗಾಲದ ನೆಗಡಿಯ ನಂತರ ದ್ರವ ನಿಂತಿರಬಹುದು.